ಓಲಗ: ಹುಲ್ಲಿನ ದಂಟಿನಲ್ಲಿ ಹುಟ್ಟಿದ ಮಂಗಳನಾದ

ಮದುವೆಯ ಚಪ್ಪರದಿಂದ ಕೇಳಿಬರುವ ವಾದ್ಯಘೋಷವನ್ನು ನಮ್ಮ ಜನ ‘ಓಲಗ’ವೆಂದು ಕರೆಯುತ್ತಾರೆ. ಪ್ರಾಚೀನ ಕನ್ನಡದಲ್ಲಿ ಈ ಪದಕ್ಕೆ ರಾಜಸಭೆ ಎಂಬ ಅರ್ಥವೂ ಸೇವೆ ಎಂಬ ಅರ್ಥವೂ ಇದ್ದವು. ಸೇವೆಯನ್ನು ಸೂಚಿಸುವ ಪದವೇ ವಾದ್ಯದ ಹೆಸರಾಗಿ ಉಳಿದಿರುವುದು ಗಮನಾರ್ಹ. ಆ ಸೇವೆಯನ್ನು ಮಾಡಿದವರಿಗೆ ಸಮಾಜವು ನೀಡಿದ ಸ್ಥಾನವಾವುದು ಎಂಬ ಪ್ರಶ್ನೆಯೂ ಇದರೊಡನೆ ಏಳುತ್ತದೆ.

ನಾಗಸ್ವರ, ಶಹನಾಯಿ, ಮುಖವೀಣೆಗಳು ಒಂದೇ ಕುಲದ ಸುಷಿರವಾದ್ಯಗಳು. ತುದಿಯಿಂದ ಬುಡಕ್ಕೆ ಬರಬರುತ್ತ ಅಗಲವಾಗುವ ಕೊಳವೆ, ಕೊನೆಯಲ್ಲಿ ಹೂವಿನಂತೆ ಅರಳಿದ ಬಾಯಿ, ಮೇಲ್ತುದಿಯಲ್ಲಿ ಜೋಡಿ ಪೀಪಿ: ಇದು ಇವುಗಳ ಸಾಮಾನ್ಯ ರಚನೆ. ನಾಗಸ್ವರದ ಪೀಪಿಗೆ ‘ಸೀವಾಳಿ’ ಎಂದು ಹೆಸರು. ಹುಲ್ಲಿನ ಜಾತಿಯ ದಂಟನ್ನು ಹದಗೊಳಿಸಿ, ಚಪ್ಪಟೆಯಾಗಿಸಿ ಇದನ್ನು ಮಾಡುತ್ತಾರೆ. ಉಸಿರು ತಾಗಿದಾಗ ಎರಡು ಎಸಳುಗಳು ಕಂಪಿಸುತ್ತವೆ; ಆ ಕಂಪನವೇ ಕೊಳವೆಯೊಳಗಿನ ಗಾಳಿಯನ್ನು ನುಡಿಸುತ್ತದೆ. ನಾಗಸ್ವರಕ್ಕೆ ಬೆರಳಾಡಿಸುವ ರಂಧ್ರಗಳು ಏಳು. ಗಮಕಗಳ ಸೂಕ್ಷ್ಮವೆಲ್ಲ ತುಟಿಯ ಒತ್ತಡ, ಉಸಿರಿನ ಹದ ಮತ್ತು ರಂಧ್ರವನ್ನು ಅರೆಬರೆಯಾಗಿ ಮುಚ್ಚುವ ಬೆರಳಿನ ಚಳಕದಲ್ಲಿದೆ. ಶ್ರುತಿ ಹಿಡಿಯುವವನು ಮೂಗಿನಿಂದ ಉಸಿರೆಳೆಯುತ್ತಲೇ ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಊದಿ, ನಾದ ಕಡಿಯದಂತೆ ಕಾಯುತ್ತಾನೆ.

ಈ ಬಗೆಯ ವಾದ್ಯಗಳ ಪ್ರಾಚೀನತೆಗೆ ಶಾಸ್ತ್ರಗ್ರಂಥಗಳ ಆಧಾರವಿದೆ. ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿ 13ನೆಯ ಶತಮಾನದಲ್ಲಿ ಶಾರ್ಙ್ಗದೇವನು ರಚಿಸಿದ ‘ಸಂಗೀತರತ್ನಾಕರ’ದ ವಾದ್ಯಾಧ್ಯಾಯದಲ್ಲಿ ‘ಮಧುಕರೀ’ ಎಂಬ ಪೀಪಿವಾದ್ಯದ ವಿವರಣೆ ದೊರೆಯುತ್ತದೆ. ಕಲ್ಯಾಣದ ಕ್ರಾಂತಿಯ ಬಳಿಕ ಒಂದು ಶತಮಾನ ತುಂಬುವ ಮುನ್ನವೇ ಈ ಗ್ರಂಥ ಹುಟ್ಟಿತೆಂಬುದನ್ನು ನೆನೆದರೆ, ಶರಣರ ಕಾಲಕ್ಕೂ ಈ ನಾದಕ್ಕೂ ಅಂತರ ಬಹಳವಿಲ್ಲವೆಂದು ತಿಳಿಯುತ್ತದೆ.

ಕನ್ನಡನಾಡಿನಲ್ಲಿ ಈ ವಾದ್ಯಗಳು ಪ್ರದೇಶಕ್ಕೊಂದು ರೂಪ ತಾಳಿವೆ. ಹಳೆಯ ಮೈಸೂರು ಸೀಮೆಯಲ್ಲಿ ಡೋಲಿನೊಡನೆ ನಾಗಸ್ವರ. ಮೂಡಲಪಾಯ ಯಕ್ಷಗಾನದಲ್ಲಿ ಮುಖವೀಣೆ. ಉತ್ತರ ಕರ್ನಾಟಕದಲ್ಲಿ ‘ಸನಾದಿ’ಯೆಂದು ಕರೆಯಲ್ಪಡುವ ಶಹನಾಯಿ. ಜಾತ್ರೆ, ಉತ್ಸವಗಳಲ್ಲಿ ಕರಡಿಮಜಲಿನ ಗಂಭೀರ ಬಡಿತದ ನಡುವೆ ಏರಿ ಬರುವುದು ಈ ಸನಾದಿಯ ಸ್ವರವೇ. ಈ ಕಲೆಯನ್ನು ತಲೆಮಾರುಗಳಿಂದ ಹೊತ್ತು ತಂದವರು ಸವಿತಾ ಸಮಾಜದವರು, ಕರಾವಳಿಯ ದೇವಾಡಿಗರು, ಉತ್ತರದ ಭಜಂತ್ರಿಗಳು.

ಇವರ ನಾದಕ್ಕೆ ‘ಮಂಗಳವಾದ್ಯ’ವೆಂಬ ಗೌರವ ದೊರೆಯಿತು, ನುಡಿಸುವವರಿಗೆ ಮಾತ್ರ ಆ ಗೌರವ ದೊರೆಯಲಿಲ್ಲ. ಮಾಂಗಲ್ಯಧಾರಣೆಯ ಮುಹೂರ್ತಕ್ಕೆ ವಾದ್ಯ ಬೇಕು, ವಾದ್ಯದವರು ಚಪ್ಪರದ ಅಂಚಿನಲ್ಲಿರಬೇಕು. ಊಟದ ಪಂಕ್ತಿಯಲ್ಲಿ ಅವರ ಸರದಿ ಕೊನೆಗೆ. ಬಾಯಿಗಿಟ್ಟು ನುಡಿಸುವ ವಾದ್ಯ ಎಂಜಲೆಂಬ ಭಾವನೆಯೂ ಇದಕ್ಕೆ ಜೊತೆಗೂಡಿತು. ಧ್ವನಿಯನ್ನು ಶುಭವೆಂದು ಸ್ವೀಕರಿಸಿ ಉಸಿರನ್ನು ಮೈಲಿಗೆಯೆಂದು ದೂರವಿಡುವುದು ಎಂತಹ ವಿಪರ್ಯಾಸ!

ಇಲ್ಲಿ ನುಲಿಯ ಚಂದಯ್ಯನವರ ಸ್ಮರಣೆ ಅನಿವಾರ್ಯ. ಭಜಂತ್ರಿಗಳನ್ನೊಳಗೊಂಡ ಕುಳುವ ಸಮುದಾಯಗಳು ಇಂದಿಗೂ ಇವರನ್ನು ತಮ್ಮ ಕುಲದ ಶರಣರೆಂದು ಪೂಜಿಸುತ್ತವೆ. ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದ ಹಣದಲ್ಲಿ ಜಂಗಮದಾಸೋಹ ನಡೆಸಿದವರು ಅವರು. ಹುಲ್ಲು ಕೊಯ್ಯುವಾಗ ಜಾರಿಬಿದ್ದ ಲಿಂಗವನ್ನು ಎತ್ತಿಕೊಳ್ಳದೆ ಕಾಯಕದಲ್ಲಿ ಮುಂದುವರಿದರೆಂದೂ, ಲಿಂಗವೇ ಅವರನ್ನು ಹಿಂಬಾಲಿಸಿತೆಂದೂ, ಮಡಿವಾಳ ಮಾಚಯ್ಯನವರು ನಡುವೆ ಬಂದು ಸಮಾಧಾನಪಡಿಸಿದರೆಂದೂ ಶರಣಸಾಹಿತ್ಯ ಹೇಳುತ್ತದೆ. ಹಗ್ಗವಾದ ಹುಲ್ಲು ದಾಸೋಹಕ್ಕೆ ಸಂದಿತು. ಪೀಪಿಯಾದ ಹುಲ್ಲು ನಾದಕ್ಕೆ ಸಂದಿತು. ಎರಡರಲ್ಲಿಯೂ ಬೆಲೆ ಬಂದದ್ದು ಹುಲ್ಲಿಗಲ್ಲ, ಅದನ್ನು ಹದಗೊಳಿಸಿದ ಕೈಗೆ. ಬಸವಣ್ಣನವರು ತಮ್ಮ ಶರೀರವನ್ನೇ ತಂತಿವಾದ್ಯವಾಗಿ ಕಲ್ಪಿಸಿ ಕೂಡಲಸಂಗಮದೇವನಿಗೆ ಅರ್ಪಿಸಿಕೊಂಡುದನ್ನು ಬಲ್ಲ ನಾವು, ವಾದ್ಯವನ್ನು ಹೊಗಳಿ ವಾದಕನ ಶರೀರವನ್ನು ಕೀಳಾಗಿ ಕಾಣುವುದು ಯುಕ್ತವೇ?

ಇಪ್ಪತ್ತನೆಯ ಶತಮಾನದಲ್ಲಿ ಈ ವಾದ್ಯಗಳು ಚಪ್ಪರದಿಂದ ಸಭಾವೇದಿಕೆಗೆ ಏರಿದವು. ಕಾಶಿಯ ಉಸ್ತಾದ್ ಬಿಸ್ಮಿಲ್ಲಾ ಖಾನರಿಗೆ (1916–2006) 2001ರಲ್ಲಿ ಭಾರತರತ್ನ ಸಂದಿತು. 1977ರ ‘ಸನಾದಿ ಅಪ್ಪಣ್ಣ’ ಚಲನಚಿತ್ರದಲ್ಲಿ ಡಾ. ರಾಜ್‌ಕುಮಾರ್ ಅವರ ಪಾತ್ರದ ಶಹನಾಯಿಗೆ ಉಸಿರು ನೀಡಿದವರೂ ಅವರೇ. ಶ್ರೀರಂಗದಲ್ಲಿ ನೆಲೆಸಿದ್ದ ನಾಗಸ್ವರ ವಿದ್ವಾಂಸ ಷೇಕ್ ಚಿನ್ನಮೌಲಾನಾ ಅವರಿಗೆ 1998ರಲ್ಲಿ ಸಂಗೀತ ಕಲಾನಿಧಿ ಬಿರುದು ದೊರೆಯಿತು. ನಾದಕ್ಕೆ ಮತಭೇದವಿಲ್ಲವೆಂಬುದಕ್ಕೆ ಇವರಿಬ್ಬರ ಬದುಕೇ ಸಾಕ್ಷಿ.

ಆದರೆ ಹಿರಿಯ ಕಲಾವಿದರಿಗೆ ಸಂದ ಮನ್ನಣೆ ಹಳ್ಳಿಯ ವಾದಕನ ಬಾಗಿಲನ್ನು ತಟ್ಟಲಿಲ್ಲ. ಇಂದು ಅನೇಕ ಮದುವೆಗಳಲ್ಲಿ ಧ್ವನಿಮುದ್ರಿತ ಓಲಗವೇ ಮೊಳಗುತ್ತಿದೆ. ಯಂತ್ರಕ್ಕೆ ದಣಿವಿಲ್ಲ, ಹಸಿವೂ ಇಲ್ಲ. ಆದುದರಿಂದಲೇ ಅದರ ಧ್ವನಿ ಕಾಯಕವಾಗಲಾರದು. ಸದ್ಭಕ್ತರು ತಮ್ಮ ಮನೆಯ ಶುಭಕಾರ್ಯಕ್ಕೆ ವಾದ್ಯದವರನ್ನು ಕರೆಸಲಿ. ಅವರ ಹೆಸರು ಕೇಳಲಿ. ತಕ್ಕ ಸಂಭಾವನೆ ನೀಡಿ ಮೊದಲ ಪಂಕ್ತಿಯಲ್ಲಿ ಕುಳ್ಳಿರಿಸಲಿ. ಸೇವೆ ಮಾಡುವವನಿಗೆ ಸಭೆಯಲ್ಲಿ ಸ್ಥಾನ ದೊರೆತಾಗ ‘ಓಲಗ’ವೆಂಬ ಪದದ ಎರಡೂ ಅರ್ಥಗಳು ಒಂದಾಗುತ್ತವೆ.