ಮೂರು ನದಿಗಳ ಕಪ್

ಇಂಗ್ಲೆಂಡಿನ ಫುಟ್‌ಬಾಲ್ ಎಂದರೆ ನಮಗೆ ಟಿ.ವಿ.ಯಲ್ಲಿ ಕಾಣುವ ಐದಾರು ಶ್ರೀಮಂತ ತಂಡಗಳು. ಆದರೆ ದೊಡ್ಡ ಲೀಗಿನ ಪಂಕ್ತಿಯಲ್ಲಿ ಎಲೆ ಸಿಗದ ಸಣ್ಣ ಊರಿನ ತಂಡಗಳು ಆ ದೇಶದಲ್ಲಿ ಲೆಕ್ಕವಿಲ್ಲದಷ್ಟಿವೆ. ಗಣಿ ಊರು, ಬಂದರು ಊರು, ಗಿರಣಿ ಊರುಗಳ ಈ ತಂಡಗಳು ತಮ್ಮ ತಮ್ಮ ಸೀಮೆಯ ಕಪ್‌ಗಳಿಗಾಗಿ ಸೆಣಸುತ್ತವೆ. ಫುಟ್‌ಬಾಲ್ ಲೀಗ್ ಹುಟ್ಟಿದ್ದು 1888ರಲ್ಲಿ. ಬರ್ಮಿಂಗ್‌ಹ್ಯಾಮಿನ ಸೀನಿಯರ್ ಕಪ್ 1876ರಲ್ಲೇ ಶುರುವಾಗಿತ್ತು. ಅಂದರೆ ಸೀಮೆಯ ಕಪ್ಪೇ ಅಕ್ಕ, ಲೀಗು ತಂಗಿ. ಇಲ್ಲಿನ ನಿಯಮ ನಮ್ಮ ಹಳ್ಳಿಯ ಕಬಡ್ಡಿ ಪಂದ್ಯಾವಳಿಯದೇ: ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ವಾರವಿಡೀ ದುಡಿದು ಶನಿವಾರ ಮಧ್ಯಾಹ್ನ ಮಾತ್ರ ಬಿಡುವು ಕಾಣುವವರಿಗೆ ಇದಕ್ಕಿಂತ ಒಪ್ಪುವ ಏರ್ಪಾಡು ಇನ್ನೊಂದಿಲ್ಲ.

ಇಂಥ ಕಪ್‌ಗಳಲ್ಲಿ ಒಂದು ಎರಡೇ ವರ್ಷ ಬದುಕಿತು. ನನಗೆ ಹೇಳಬೇಕೆನಿಸಿದ್ದು ಅದರ ಕತೆ.

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನನಗೆ ಮೊದಲ ಮಹಾಯುದ್ಧ ಎಂದರೆ ನಾಲ್ಕು ಕಾರಣ, ಐದು ಪರಿಣಾಮ. ಮೈಸೂರು ಲ್ಯಾನ್ಸರ್ಸ್ 1918ರಲ್ಲಿ ಹೈಫಾದಲ್ಲಿ ಕಾದಾಡಿದ್ದನ್ನು ಹೇಳುವಾಗ ಮಕ್ಕಳ ಮುಖ ಸ್ವಲ್ಪ ಅರಳುತ್ತದೆ. 'ಮಹಿಳೆಯರು ಕಾರ್ಖಾನೆಗಳಲ್ಲಿ ದುಡಿದರು' ಎಂಬ ಸಾಲನ್ನು ಓದಿಸಿ ಮುಂದಕ್ಕೆ ಹೋಗುತ್ತೇವೆ. ಆ ಒಂದು ಸಾಲಿನೊಳಗೆ ಇಂಗ್ಲೆಂಡಿನ ಲಕ್ಷಾಂತರ ಹೆಂಗಸರಿದ್ದಾರೆ. 1916ರಲ್ಲಿ ಕಡ್ಡಾಯ ಸೈನ್ಯಸೇವೆ ಬಂದ ಮೇಲೆ ಗಂಡಸರು ಹೊರಟರು, ಹೆಂಗಸರು ಮದ್ದುಗುಂಡಿನ ಕಾರ್ಖಾನೆಗಳನ್ನು ತುಂಬಿದರು. ಸಿಡಿಮದ್ದು ತುಂಬುತ್ತಿದ್ದವರ ಚರ್ಮ ಹಳದಿಯಾಗುತ್ತಿತ್ತು. ಜನ ಅವರನ್ನು ಕ್ಯಾನರಿ ಹಕ್ಕಿಗಳೆಂದು ಕರೆದರಂತೆ. ವಿಷ ಏರಿದ್ದಕ್ಕೂ ಒಂದು ಮುದ್ದಿನ ಹೆಸರು, ನೋಡಿ.

ಈ ಕಾರ್ಖಾನೆ ಹುಡುಗಿಯರು ಬಿಡುವಿನಲ್ಲಿ ಚೆಂಡು ಒದೆಯಲು ತೊಡಗಿದರು. ಈಶಾನ್ಯ ಇಂಗ್ಲೆಂಡಿನ ಬ್ಲೈತ್ ಬಂದರಿನಲ್ಲಿ ಯುದ್ಧದ ಸರಕು ಏರಿಸಿ ಇಳಿಸುತ್ತಿದ್ದ ಹೆಣ್ಣುಮಕ್ಕಳಿಗೆ ಕಡಲದಂಡೆಯಲ್ಲಿ ಆಟ ಕಲಿಸಿದವರು ನೌಕಾಪಡೆಯ ಹುಡುಗರು ಎಂದು ಹೇಳುತ್ತಾರೆ. ಆ ಊರಿನ ಗಂಡಸರ ತಂಡ ಬ್ಲೈತ್ ಸ್ಪಾರ್ಟನ್ಸ್ 1899ರದು, ಲೀಗಿನ ಹೊರಗಿನದೇ. ಯುದ್ಧದಿಂದಾಗಿ ಗಂಡಸರ ಆಟ ನಿಂತಿತ್ತು. ಹುಡುಗಿಯರು ಆ ಹೆಸರನ್ನೇ ಇಟ್ಟುಕೊಂಡರು.

1917ರಲ್ಲಿ ಟೈನ್, ವೇರ್, ಟೀಸ್ ಎಂಬ ಮೂರು ನದಿಗಳ ದಂಡೆಯ ಕಾರ್ಖಾನೆಗಳ ಹೆಣ್ಣುಮಕ್ಕಳಿಗಾಗಿಯೇ ಒಂದು ನಾಕೌಟ್ ಕಪ್ ಏರ್ಪಟ್ಟಿತು. ಕಪ್ಪಿನ ಹೆಸರಿನಲ್ಲಿ ಮೂರು ನದಿಗಳೂ ಇದ್ದವು. ಜನರ ಬಾಯಲ್ಲಿ ಮಾತ್ರ ಅದು 'ಮ್ಯುನಿಷನೆಟ್ಸ್ ಕಪ್', ಮದ್ದುಗುಂಡಿನ ಹುಡುಗಿಯರ ಕಪ್. ಬಂದ ಹಣ ಗಾಯಾಳು ಸೈನಿಕರಿಗೆ ಮತ್ತು ಯುದ್ಧಕಾಲದ ಇತರ ನಿಧಿಗಳಿಗೆ. ಹೆಂಗಸರು ಆಡಬೇಕಾದರೆ ಅದು ಯಾರದಾದರೂ ಸೇವೆಯಾಗಿರಬೇಕು! ಸುಮ್ಮನೆ ಖುಷಿಗೆ ಆಡುತ್ತೇವೆ ಎಂದಿದ್ದರೆ ಮೈದಾನದ ಗೇಟು ತೆರೆಯುತ್ತಿತ್ತೋ ಇಲ್ಲವೋ.

ಫೈನಲ್ ನಡೆದದ್ದು 1918ರ ಮಾರ್ಚ್ 30ರಂದು, ನ್ಯೂಕ್ಯಾಸಲ್ಲಿನ ಸೇಂಟ್ ಜೇಮ್ಸ್ ಪಾರ್ಕಿನಲ್ಲಿ. ಒಂಬತ್ತು ದಿನದ ಹಿಂದಷ್ಟೇ ಫ್ರಾನ್ಸಿನಲ್ಲಿ ಜರ್ಮನರು ದೊಡ್ಡ ದಾಳಿ ಶುರುಮಾಡಿದ್ದರು. ಸತ್ತವರ ಪಟ್ಟಿ ಬೆಳೆಯುತ್ತಿತ್ತು. ಅಣ್ಣನೋ ಗಂಡನೋ ಅಲ್ಲಿರುವ ಎಷ್ಟು ಮಂದಿ ಅಂದು ಮೈದಾನದಲ್ಲಿದ್ದರೋ. ಬ್ಲೈತ್ ಹುಡುಗಿಯರ ಎದುರಾಳಿ ಮಿಡ್ಲ್ಸ್‌ಬರೋದ ಬೋಲ್ಕೋ ವಾನ್ ಉಕ್ಕಿನ ಕಾರ್ಖಾನೆಯ ತಂಡ. ಯಾರೂ ಗೋಲು ಹೊಡೆಯಲಿಲ್ಲ. ಮೇ 18ರಂದು ಮಿಡ್ಲ್ಸ್‌ಬರೋದ ಏರ್ಸಮ್ ಪಾರ್ಕಿನಲ್ಲಿ ಮತ್ತೆ ಆಡಿದರು. ಸುಮಾರು 22,000 ಜನ ಸೇರಿದ್ದರಂತೆ. ಎದುರಾಳಿಯ ಊರಿನಲ್ಲೇ ಬ್ಲೈತ್ 5-0 ಅಂತರದಿಂದ ಗೆದ್ದಿತು. ಮೂರು ಗೋಲು ಬೆಲ್ಲಾ ರೇ ಎಂಬ ಗಣಿ ಕಾರ್ಮಿಕನ ಮಗಳದು. ಆ ಒಂದೇ ಋತುವಿನಲ್ಲಿ ಅವಳು ಹೊಡೆದದ್ದು 133 ಗೋಲು.

ಅದೇ ವರ್ಷದ ಫೆಬ್ರವರಿಯಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಹೆಂಗಸರಿಗೆ ಮತದಾನದ ಹಕ್ಕು ಕೊಟ್ಟಿತ್ತು. ಮೂವತ್ತು ತುಂಬಿರಬೇಕು, ಆಸ್ತಿಯ ಷರತ್ತೂ ಇತ್ತು. ಚೆಂಡು ಒದೆಯುವ, ಮದ್ದು ತುಂಬುವ ವಯಸ್ಸಿನವರು ಈ ಲೆಕ್ಕಕ್ಕೆ ಬರಲಿಲ್ಲ. ಗಂಡಸರಷ್ಟೇ ವಯಸ್ಸಿಗೆ ಮತ ಸಿಗಲು ಅವರು 1928ರ ತನಕ ಕಾಯಬೇಕಾಯಿತು.

1919ರಲ್ಲಿ ಕಪ್ ಜ್ಯಾರೋ ಊರಿನ ಪಾಮರ್ಸ್ ಹಡಗುಕಟ್ಟೆಯ ತಂಡದ ಪಾಲಾಯಿತು. ಅಲ್ಲಿಗೆ ಮುಗಿಯಿತು. ಯುದ್ಧ ನಿಂತಿತ್ತು, ಗುಂಡು ಬೇಕಿರಲಿಲ್ಲ, ಹೆಂಗಸರನ್ನು ಮನೆಗೆ ಕಳಿಸಿದರು. ಕಾರ್ಖಾನೆಯೇ ಇಲ್ಲದಿದ್ದರೆ ಕಾರ್ಖಾನೆಯ ತಂಡ ಎಲ್ಲಿಯದು? ಆದರೂ ಆಟ ಸಾಯಲಿಲ್ಲ. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನಲ್ಲಿ ಡಿಕ್ ಕರ್ ತಂಡದ ಹೆಂಗಸರ ಆಟ ನೋಡಲು 53,000 ಜನ ನೆರೆದಿದ್ದರು. 1921ರಲ್ಲಿ ಗಣಿ ಮಾಲೀಕರು ಬೀಗ ಹಾಕಿದಾಗ ಈಶಾನ್ಯದ ಗಣಿ ಊರುಗಳ ಹೆಣ್ಣುಮಕ್ಕಳು ಹಸಿದ ಮನೆಗಳಿಗೆ ಹಣ ಕೂಡಿಸಲು ಆಡಿದರು.

ಅದೇ ವರ್ಷದ ಡಿಸೆಂಬರ್ 5ರಂದು ಫುಟ್‌ಬಾಲ್ ಅಸೋಸಿಯೇಷನ್ ಸಭೆ ಸೇರಿತು. ಈ ಆಟ ಹೆಂಗಸರಿಗೆ ಹೊಂದುವುದಿಲ್ಲ, ದಾನಕ್ಕೆಂದು ಕೂಡಿಸಿದ ಹಣ ಖರ್ಚಿಗೇ ಹೆಚ್ಚು ಹೋಗುತ್ತಿದೆ ಎಂದಿತು. ಅವರು ಮಾಡಿದ ಜಾಣತನ ಗಮನಿಸಿ. ಹೆಂಗಸರು ಆಡಕೂಡದು ಎಂದು ಹೇಳಲಿಲ್ಲ. ಸದಸ್ಯ ಕ್ಲಬ್ಬುಗಳು ತಮ್ಮ ಮೈದಾನ ಕೊಡಕೂಡದು ಎಂದರು. ಒಳ್ಳೆಯ ಮೈದಾನಗಳೆಲ್ಲ ಸದಸ್ಯ ಕ್ಲಬ್ಬುಗಳವೇ. ಜನ ಕೂರಲು ಜಾಗವಿಲ್ಲದೆ, ಟಿಕೆಟ್ಟಿಗೆ ಗೇಟಿಲ್ಲದೆ ಕಪ್ ಪಂದ್ಯ ಕಟ್ಟುವುದು ಹೇಗೆ?

ಇದನ್ನು ಓದಿದಾಗ ನನಗೆ ಹೊಸದೇನೂ ಅನಿಸಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ಶಾಲೆಯಲ್ಲಿ ಮೈದಾನ ಹುಡುಗರ ಕ್ರಿಕೆಟ್ಟಿಗೆ. ಹುಡುಗಿಯರಿಗೆ ಕಟ್ಟಡದ ಹಿಂದಿನ ಓಣಿ, ಒಂದು ರಬ್ಬರ್ ರಿಂಗು. ಪಿ.ಟಿ. ಮೇಷ್ಟ್ರನ್ನು ಕೇಳಿದೆ. "ಆಡ್ಬೇಡಿ ಅಂತ ಯಾರು ಹೇಳಿದ್ದಾರೆ ಮೇಡಂ? ಅವರು ಮೈದಾನ ಕೇಳೇ ಇಲ್ಲವಲ್ಲ" ಎಂದರು. ಕಾಲಿಟ್ಟೇ ಇಲ್ಲದ ಜಾಗವನ್ನು ಎಂಟನೇ ಕ್ಲಾಸಿನ ಹುಡುಗಿ ಯಾವ ಬಾಯಿಂದ ಕೇಳಬೇಕು? ಮುಂದಿನ ವರ್ಷ ಜಗಳವಾಡಿ ವಾರಕ್ಕೆ ಒಂದು ಪಿರಿಯಡ್ ಬಿಡಿಸಿಕೊಂಡೆ. ಮೊದಲ ದಿನ ಹುಡುಗಿಯರು ಆಡಲಿಲ್ಲ, ಆ ತುದಿಯಿಂದ ಈ ತುದಿಗೆ ಬರೀ ಓಡಿದರು.

ಇಂಗ್ಲೆಂಡಿನ ಹೆಂಗಸರಿಗೆ ಮೈದಾನ ಬಿಡಿಸಿಕೊಳ್ಳಲು ಐವತ್ತು ವರ್ಷ ಹಿಡಿಯಿತು. ನಿಷೇಧ ಪೂರ್ತಿ ತೆರವಾದದ್ದು 1971ರ ಹೊತ್ತಿಗೆ. ಹೆಂಗಸರ ರಾಷ್ಟ್ರೀಯ ಕಪ್ಪಿನ ಮೊದಲ ಫೈನಲ್ ನಡೆದದ್ದೂ ಆ ವರ್ಷವೇ. ಬೆಲ್ಲಾ ರೇ 1979ರವರೆಗೂ ಬದುಕಿದ್ದಳು. 2022ರಲ್ಲಿ ಅವಳ ಮೇಲೆ ಒಂದು ನಾಟಕ ಆಡಿದರು. ಹೆಸರು 'ವೋರ್ ಬೆಲ್ಲಾ'. ಆ ಸೀಮೆಯ ಆಡುಮಾತಿನಲ್ಲಿ ವೋರ್ ಎಂದರೆ 'ನಮ್ಮ'. ನಮ್ಮ ಬೆಲ್ಲಾ.