ತೋಳಿನ ಕಲೆಯ ಕಥೆ

ಯಲ್ಲಾಪುರ ತಾಲೂಕಿನ ಚಂದಗುಳಿಯಿರಲಿ, ಶಿರಸಿ-ಸಿದ್ದಾಪುರಗಳ ಬೇರಾವುದೇ ಹಳ್ಳಿಯಿರಲಿ, ಐವತ್ತು ದಾಟಿದವರ ತೋಳನ್ನೊಮ್ಮೆ ಗಮನಿಸಿ. ಹಲವರಲ್ಲಿ ಗುಂಡನೆಯ ಕಲೆಗಳು ಕಾಣುತ್ತವೆ. ಅವು ಸಿಡುಬಿನ ಲಸಿಕೆಯ ಗುರುತು. ಆ ಲಸಿಕೆಯನ್ನು ಚರ್ಮಕ್ಕೆ ತಾಗಿಸಿದ ಸಲಕರಣೆಗೂ ಒಂದು ಇತಿಹಾಸವಿದೆ.

ಎಡ್ವರ್ಡ್ ಜೆನ್ನರ್ 1796ರಲ್ಲಿ ಪ್ರಯೋಗಿಸಿ ತೋರಿಸಿದ ಲಸಿಕೆ 1802ರಲ್ಲಿ ಮುಂಬಯಿ ತಲುಪಿತು. ಮದ್ದೇನೋ ಬಂತು, ಅದನ್ನು ಹಾಕುವ ಬಗೆ ಮಾತ್ರ ಬಹುಕಾಲ ಒರಟಾಗಿಯೇ ಉಳಿಯಿತು. 1960ರ ದಶಕದಲ್ಲೂ ನಮ್ಮ ದೇಶದಲ್ಲಿ ಹಲ್ಲುಗಳುಳ್ಳ ಪುಟ್ಟ ಬಿಲ್ಲೆಯೊಂದು ಬಳಕೆಯಲ್ಲಿತ್ತು. ತೋಳಿನ ಮೇಲಿಟ್ಟ ಲಸಿಕೆಯ ಹನಿಯ ಮೇಲೆ ಅದನ್ನೊತ್ತಿ ತಿರುವುತ್ತಿದ್ದರು. ನೋವೂ ಹೆಚ್ಚು, ಹುಣ್ಣೂ ಹೆಚ್ಚು. ಲಸಿಕೆಗೆ ಹೆದರಿದವರನ್ನೆಲ್ಲ ಮೂಢನಂಬಿಕೆಯವರೆಂದು ಜರೆಯುವುದು ಸರಿಯಲ್ಲ.

ಪರಿಹಾರ ಹೊಳೆದದ್ದು ಹೊಲಿಗೆಯಂತ್ರದ ಸೂಜಿಯಿಂದ. ಅಮೆರಿಕದ ವೈಯತ್ ಕಂಪನಿಯ ಬೆಂಜಮಿನ್ ರೂಬಿನ್ 1960ರ ದಶಕದಲ್ಲಿ ಸೂಜಿಯ ಕಣ್ಣಿನ ತುದಿಯನ್ನು ಉಜ್ಜಿ ತೆಗೆದಾಗ ಉಳಿದದ್ದು ಒಂದು ಕವಲು. ಲಸಿಕೆಯಲ್ಲಿ ಅದ್ದಿದರೆ ಬೇಕಾದಷ್ಟೇ ಹನಿ ಕವಲಿನ ನಡುವೆ ನಿಲ್ಲುತ್ತಿತ್ತು. ಅದರಿಂದ ಹದಿನೈದು ಬಾರಿ ಮೆಲ್ಲಗೆ ಚುಚ್ಚಿದರೆ ಸಾಕು. ಹಿಂದೆ ಒಬ್ಬರಿಗೆ ಬೇಕಾಗುತ್ತಿದ್ದ ಲಸಿಕೆ ನಾಲ್ವರಿಗೆ ಸಾಲುವಂತಾಯಿತು. ಅಕ್ಷರ ಬಾರದವರೂ ಕೆಲವೇ ನಿಮಿಷಗಳಲ್ಲಿ ಇದನ್ನು ಕಲಿಯಬಹುದಿತ್ತು. ಸೂಜಿಯನ್ನು ಕುದಿಸಿ ಮತ್ತೆ ಬಳಸಬಹುದಿತ್ತು. ವೇಗವಾಗಿ ಲಸಿಕೆ ಹಾಕುವ ಯಂತ್ರವೂ ಆಗಲೇ ಇತ್ತು. ಆದರೆ ಅದು ಕೆಟ್ಟರೆ ಹಳ್ಳಿಯಲ್ಲಿ ದುರಸ್ತಿ ಮಾಡುವವರಾರು? ಗೆದ್ದದ್ದು ಸರಳ ಸೂಜಿಯೇ. ಭಾರತದ ನೆಲದಲ್ಲಿ ಹರಡಿದ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ.

ಇಂದು ಅದೇ ಹುಡುಕಾಟ ಅಂಟುಪಟ್ಟಿಯವರೆಗೆ ಬಂದಿದೆ. ಕರಗುವ ಸೂಕ್ಷ್ಮಸೂಜಿಗಳ ಈ ಪಟ್ಟಿಯನ್ನು ಚರ್ಮದ ಮೇಲೆ ಹೆಬ್ಬೆರಳಿನಿಂದ ಒತ್ತಬೇಕು. ಎಷ್ಟು ಬಲವಾಗಿ? ಅಮೆರಿಕದ ಜಾರ್ಜಿಯಾ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಮದ್ದಿಲ್ಲದ ಪಟ್ಟಿಗಳನ್ನು ಜನಸಾಮಾನ್ಯರ ಕೈಗೇ ಕೊಟ್ಟು ನೋಡಿದರು. ಸಾಕಷ್ಟು ಒತ್ತಿದಾಗ ಟಕ್ಕೆಂದು ಸದ್ದು ಮಾಡುವ ಪುಟ್ಟ ಸಾಧನವನ್ನು ಸೇರಿಸಿದಾಗ ಸೂಜಿಗಳು ಹೆಚ್ಚು ಸರಿಯಾಗಿ ನಾಟಿದವು. 2014ರಲ್ಲಿ ಇದು ಪ್ರಕಟವಾಯಿತು. ಆಫ್ರಿಕದ ಗ್ಯಾಂಬಿಯಾದಲ್ಲಿ ಮಕ್ಕಳಿಗೆ ಇಂಥ ಪಟ್ಟಿಯಿಂದಲೇ ದಡಾರ-ರುಬೆಲ್ಲಾ ಲಸಿಕೆ ನೀಡಿದ ಪ್ರಯೋಗದ ಭರವಸೆಯ ಫಲಿತಾಂಶ 2024ರಲ್ಲಿ ಹೊರಬಂತು.

ಕಾಡಿನ ನಡುವಿನ ಒಂಟಿಮನೆಗೆ ಶೀತಪೆಟ್ಟಿಗೆ ಹೊತ್ತು ನಡೆಯುವ ಆರೋಗ್ಯ ಕಾರ್ಯಕರ್ತೆಗೆ ಇದರ ಮಹತ್ವವನ್ನು ವಿವರಿಸಿ ಹೇಳಬೇಕಾಗಿಲ್ಲ. ಮದ್ದು ಎಷ್ಟೇ ಉತ್ತಮವಿರಲಿ, ಕೊನೆಗೆ ಅದು ಆಕೆಯ ಕೈಗೆ ಒಗ್ಗಬೇಕು, ಮಗುವಿನ ತೋಳಿಗೂ ಒಗ್ಗಬೇಕು.