ಬಿಸಿಜಿಯ ಮೂಲ ಹೆಪ್ಪು ಎಲ್ಲಿ ಹೋಯಿತು?

ನಮ್ಮಲ್ಲಿ ಬಹುಪಾಲು ಜನರ ಎಡತೋಳಿನ ಮೇಲೆ ಸಣ್ಣದೊಂದು ಕಲೆ ಇರುತ್ತದೆ. ಎಳೆಗೂಸಾಗಿದ್ದಾಗ ಹಾಕಿಸಿದ ಬಿಸಿಜಿ ಚುಚ್ಚುಮದ್ದಿನ ಗುರುತು ಅದು. ಕ್ಷಯದ ವಿರುದ್ಧದ ಈ ಲಸಿಕೆಯಲ್ಲಿರುವುದು ಸತ್ತ ರೋಗಾಣುವಲ್ಲ. ಅದು ಜೀವಂತವಾಗಿದೆ, ಆದರೆ ಹಲ್ಲು ಕಿತ್ತ ಹಾವಿನಂತಾಗಿದೆ. ಕೋಟ್ಯಂತರ ಮಕ್ಕಳಿಗೆ ಕೊಟ್ಟಿರುವ ಈ ಲಸಿಕೆಯ ವಿಷಯದಲ್ಲಿ ಒಂದು ವಿಚಿತ್ರವಿದೆ. 1921ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಮಗುವಿಗೆ ಕುಡಿಸಿದ ಆ ಮೂಲ ರೋಗಾಣು ಇಂದು ಜಗತ್ತಿನ ಯಾವ ಪ್ರಯೋಗಶಾಲೆಯಲ್ಲೂ ಇಲ್ಲ. ಅದನ್ನು ಯಾರೂ ಬಿಸಾಡಲಿಲ್ಲ, ಯಾರೂ ಕದಿಯಲಿಲ್ಲ. ಜೋಪಾನವಾಗಿ ಕಾಪಾಡುತ್ತಿದ್ದಾಗಲೇ ಅದು ಕೈಜಾರಿ ಹೋಯಿತು.

ಸೂಕ್ಷ್ಮಜೀವಿಯನ್ನು ಪ್ರಯೋಗಶಾಲೆಯಲ್ಲಿ ಕಾಪಾಡುವ ಹಳೆಯ ವಿಧಾನ ನಮ್ಮ ಅಡುಗೆಮನೆಯಲ್ಲಿ ದಿನವೂ ನಡೆಯುವುದೇ. ನಿನ್ನೆಯ ಮೊಸರಿನಿಂದ ಒಂದು ಚಮಚ ತೆಗೆದು ಇಂದಿನ ಹಾಲಿಗೆ ಹೆಪ್ಪು ಹಾಕುತ್ತೇವೆ, ಇಂದಿನದರಿಂದ ನಾಳೆಗೆ. ಪ್ರಯೋಗಶಾಲೆಯಲ್ಲಿ ಹಾಲಿನ ಬದಲು ಅಗರ್, ಮಾಂಸದ ಸಾರು ಅಥವಾ ಆಲೂಗಡ್ಡೆಯ ಹೋಳು. ಆಹಾರ ತೀರುವ ಮೊದಲು ಒಂದಿಷ್ಟು ಜೀವಾಣುಗಳನ್ನು ತಂತಿಯ ತುದಿಯಲ್ಲಿ ಎತ್ತಿ ಹೊಸ ಕೊಳವೆಗೆ ದಾಟಿಸಬೇಕು. ಇದನ್ನು ಮರುನಾಟಿ ಎನ್ನಬಹುದು. ಒಂದು ಸಲ ಮರೆತರೆ ತಳಿಯೇ ನಾಶ. 1890ರ ಸುಮಾರಿಗೆ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಕ್ರಾಲ್ ಎಂಬಾತ ಇಂಥ ಕೊಳವೆಗಳ ಸಂಗ್ರಹವನ್ನೇ ಕಟ್ಟಿ, ಕೇಳಿದವರಿಗೆ ತಳಿಗಳನ್ನು ಒದಗಿಸುತ್ತಿದ್ದ. ಮನೆಯ ಹೆಪ್ಪು ಕೆಟ್ಟಾಗ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುತ್ತೇವಲ್ಲ, ಹಾಗೆ.

ಬಿಸಿಜಿ ಹುಟ್ಟಿದ್ದೇ ಇಂಥ ಮರುನಾಟಿಯಿಂದ. ಫ್ರಾನ್ಸಿನ ಲೀಲ್ ನಗರದ ಪಾಶ್ಚರ್ ಸಂಸ್ಥೆಯಲ್ಲಿ ವೈದ್ಯ ಆಲ್ಬರ್ಟ್ ಕಾಲ್ಮೆಟ್ ಮತ್ತು ಪಶುವೈದ್ಯ ಕ್ಯಾಮಿಲ್ ಗೆರಿನ್ ಕ್ಷಯದ ಮೇಲೆ ಕೆಲಸ ಮಾಡುತ್ತಿದ್ದರು. ಅವರ ಕೈಲಿದ್ದುದು ಕೆಚ್ಚಲಿಗೆ ಕ್ಷಯ ತಗುಲಿದ ಹಸುವಿನ ಹಾಲಿನಿಂದ ನೋಕಾರ್ ಎಂಬ ವಿಜ್ಞಾನಿ ಬೇರ್ಪಡಿಸಿದ್ದ ರೋಗಾಣು. ಅದು ಗಂಟುಗಂಟಾಗಿ ಬೆಳೆಯುತ್ತಿತ್ತು. ಗಂಟು ಬಿಡಿಸಲೆಂದು ಗ್ಲಿಸರಿನ್ ಸವರಿದ ಆಲೂಗಡ್ಡೆಗೆ ಎತ್ತಿನ ಪಿತ್ತರಸ ಸೇರಿಸಿದರು. ಗಂಟು ಬಿಡಿಸಿಕೊಂಡಿತು. ಜೊತೆಗೆ ರೋಗಾಣುವಿನ ಉಗ್ರತೆಯೂ ಇಳಿಯತೊಡಗಿದ್ದು ಅವರ ಕಣ್ಣಿಗೆ ಬಿತ್ತು. 1908ರಿಂದ ಸುಮಾರು ಮೂರು ವಾರಕ್ಕೊಂದರಂತೆ ಮರುನಾಟಿ ನಡೆಯಿತು. ಮೊದಲ ಮಹಾಯುದ್ಧದಲ್ಲಿ ಲೀಲ್ ನಗರ ಜರ್ಮನ್ ಸೇನೆಯ ವಶವಾಯಿತು. ಆಲೂಗಡ್ಡೆಗೂ ಪಿತ್ತರಸಕ್ಕೂ ಪರದಾಡಬೇಕಾದ ಆ ದಿನಗಳಲ್ಲೂ ಸರಣಿ ಕಡಿಯಲಿಲ್ಲ. 13 ವರ್ಷ, 230 ಮರುನಾಟಿ. ಕೊನೆಗೆ ಉಳಿದದ್ದು ಪ್ರಾಣಿಗಳಲ್ಲಿ ಕ್ಷಯ ತರಲಾರದ ತಳಿ. ಇಬ್ಬರ ಹೆಸರೂ ಸೇರಿ ಅದು ಬ್ಯಾಸಿಲಸ್ ಕಾಲ್ಮೆಟ್ ಗೆರಿನ್, ಅಂದರೆ ಬಿಸಿಜಿ ಆಯಿತು. 1921ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯೊಂದರಲ್ಲಿ ಅದನ್ನು ಮೊದಲು ಕುಡಿಸಿದ್ದು ಕ್ಷಯದಿಂದ ತಾಯಿಯನ್ನು ಕಳೆದುಕೊಂಡ ಹಸುಗೂಸಿಗೆ.

ಮರುನಾಟಿಯಿಂದಲೇ ರೋಗಾಣು ಬದಲಾಯಿತು ಎಂಬುದು ಎಲ್ಲರಿಗೂ ಗೊತ್ತಿತ್ತು. ಮರುನಾಟಿ ಮುಂದುವರಿದರೆ ಬದಲಾವಣೆಯೂ ಮುಂದುವರಿದೀತು ಎಂಬ ಯೋಚನೆ ಮಾತ್ರ ಆಗ ಯಾರನ್ನೂ ಅಷ್ಟಾಗಿ ಕಾಡಿದಂತಿಲ್ಲ. ಕಾಡಿದ್ದರೂ ಬೇರೆ ದಾರಿ ಇರಲಿಲ್ಲವೆನ್ನಿ. 1924ರಿಂದ ತಳಿ ದೇಶದೇಶಕ್ಕೆ ಹೊರಟಿತು. ರಷ್ಯಾ, ಜಪಾನ್, ಬ್ರೆಜಿಲ್‌ಗೆ ಮೊದಲೇ ಹೋಯಿತು, ಡೆನ್ಮಾರ್ಕ್‌ಗೆ 1931ರಲ್ಲಿ. ಒಂದೊಂದು ಊರಿನಲ್ಲೂ ಅವರವರ ಆಹಾರ, ಅವರವರ ಲೆಕ್ಕದಲ್ಲಿ ಮರುನಾಟಿ ನಡೆಯಿತು. ದೇಹದೊಳಗೆ ಸೆಣಸಬೇಕಾದ ರೋಗಾಣು ಕೊಳವೆಯೊಳಗೆ ಕೂತು ಉಣ್ಣತೊಡಗಿದರೆ, ಸೆಣಸಾಟಕ್ಕೆ ಬೇಕಾದ ವಂಶವಾಹಿಗಳು ಅದಕ್ಕೆ ಹೊರೆಯಷ್ಟೇ. ಅವನ್ನು ಕಳೆದುಕೊಂಡು ಬೇಗ ಬೇಗ ಬೆಳೆಯುವ ಪೀಳಿಗೆಯೇ ಮುಂದಿನ ಕೊಳವೆಯನ್ನು ಆಕ್ರಮಿಸುತ್ತದೆ. ಹೆಸರು ಒಂದೇ, ಒಳಗಿನ ಜೀವಿ ಬೇರೆ.

ಕೊಳವೆಗಳ ಜೋಪಾನದಲ್ಲಿ ಅಪಾಯ ಇದೊಂದೇ ಅಲ್ಲ. 1930ರಲ್ಲಿ ಜರ್ಮನಿಯ ಲ್ಯೂಬೆಕ್ ನಗರದಲ್ಲಿ 250ರಷ್ಟು ಹಸುಗೂಸುಗಳಿಗೆ ಬಿಸಿಜಿ ಕುಡಿಸಲಾಯಿತು. ಅವರಲ್ಲಿ 70ಕ್ಕೂ ಹೆಚ್ಚು ಮಕ್ಕಳು ಕ್ಷಯ ತಗುಲಿ ಸತ್ತರು. ಪ್ಯಾರಿಸ್ಸಿನಿಂದ ಬಂದ ತಳಿಯೇ ಮತ್ತೆ ಉಗ್ರವಾಯಿತೆಂದು ಯೂರೋಪಿನಾದ್ಯಂತ ಗುಲ್ಲೆದ್ದಿತು. ವಿಚಾರಣೆಯಲ್ಲಿ ಹೊರಬಿದ್ದದ್ದು ಬೇರೆಯೇ. ಲಸಿಕೆ ತಯಾರಿಸಿದ ಪ್ರಯೋಗಶಾಲೆಯಲ್ಲಿ ನಿಜವಾದ ಕ್ಷಯದ ತಳಿಯನ್ನೂ ಇಟ್ಟಿದ್ದರು, ಅದು ಲಸಿಕೆಯೊಂದಿಗೆ ಬೆರೆತಿತ್ತು. ಕಾಲ್ಮೆಟ್ ಮೇಲಿನ ಆರೋಪ ತೊಳೆದುಹೋಯಿತು. ಆದರೆ ಆ ಆಘಾತದ ನೆರಳಲ್ಲೇ ಆತ 1933ರಲ್ಲಿ ತೀರಿಕೊಂಡ.

ಹಾಗಾದರೆ ಬದಲಾಗದಂತೆ ಕಾಪಾಡುವುದು ಹೇಗೆ? ಬೆಳೆಯುವ ಜೀವಿ ಬದಲಾಗದೆ ಇರದು. ಆದ್ದರಿಂದ ಬೆಳವಣಿಗೆಯನ್ನೇ ನಿಲ್ಲಿಸಬೇಕು, ಆದರೆ ಜೀವ ಹೋಗಬಾರದು. ಸುಮ್ಮನೆ ಬಿಸಿಲಿಗಿಟ್ಟು ಸಂಡಿಗೆಯಂತೆ ಒಣಗಿಸಿದರೆ ಹೆಚ್ಚಿನ ಸೂಕ್ಷ್ಮಜೀವಿಗಳು ಸಾಯುತ್ತವೆ. ಉಪಾಯ ಹೊಳೆದದ್ದು ಬೇರೆ ದಿಕ್ಕಿನಿಂದ. ಮೊದಲು ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ಬಳಿಕ ಗಾಳಿ ಹೀರಿ ತೆಗೆದ ಪಾತ್ರೆಯಲ್ಲಿಟ್ಟರೆ, ಮಂಜುಗಡ್ಡೆ ನೀರಾಗದೆಯೇ ಆವಿಯಾಗುತ್ತದೆ. ಬಿಚ್ಚಿಟ್ಟ ಕರ್ಪೂರ ಕರಗದೆಯೇ ಮಾಯವಾಗುವಂತೆ. ಉಳಿಯುವುದು ಹಗುರವಾದ ಪುಡಿ. ಅಮೆರಿಕದಲ್ಲಿ ಲಿಯಾನ್ ಶ್ಯಾಕೆಲ್ 1909ರಲ್ಲೇ ಇದನ್ನು ಮಾಡಿ ತೋರಿಸಿದ್ದ. 1935ರಲ್ಲಿ ಫಿಲಡೆಲ್ಫಿಯಾದ ಫ್ಲಾಸ್‌ಡಾರ್ಫ್ ಮತ್ತು ಮಡ್ ಇದನ್ನು ದೊಡ್ಡ ಪ್ರಮಾಣಕ್ಕೆ ಒಗ್ಗಿಸಿದರು. ಎರಡನೇ ಮಹಾಯುದ್ಧದಲ್ಲಿ ರಕ್ತದ ಪ್ಲಾಸ್ಮಾ ಒಣಗಿಸಿ ರಣರಂಗಕ್ಕೆ ಕಳಿಸಲು ಈ ವಿಧಾನವೇ ನೆರವಾಯಿತು. ಸೂಕ್ಷ್ಮಜೀವಿಗಳಿಗಾದರೆ ಕೆನೆ ತೆಗೆದ ಹಾಲು, ಸಕ್ಕರೆಯಂಥ ರಕ್ಷಕ ಬೆರೆಸಿ ಒಣಗಿಸಿ, ಗಾಜಿನ ಆಂಪೂಲಿನ ಬಾಯಿಯನ್ನು ಕಾಯಿಸಿ ಮುಚ್ಚುತ್ತಾರೆ. ಇನ್ನೊಂದು ದಾರಿ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕ. ಅಲ್ಲಿ ಜೀವಕೋಶವನ್ನು ಮಂಜಿನ ಹರಳುಗಳಿಂದ ಕಾಯುವುದು ಗ್ಲಿಸರಾಲ್. ಅದರ ಈ ಗುಣ 1949ರಲ್ಲಿ ಲಂಡನ್ನಿನಲ್ಲಿ ಗೊತ್ತಾದದ್ದೂ ಬಾಟಲಿಯ ಚೀಟಿ ಅದಲುಬದಲಾದ ಎಡವಟ್ಟಿನಿಂದ!

ಒಣಗಿಸಿಡುವುದರ ಶಕ್ತಿ ಎಷ್ಟೆಂದು ನೋಡಬೇಕಾದರೆ ಬ್ರಿಟನ್ನಿನ ರಾಷ್ಟ್ರೀಯ ತಳಿ ಸಂಗ್ರಹದ ಒಂದನೇ ನಂಬರಿನ ಆಂಪೂಲು ನೋಡಬೇಕು. ಮಹಾಯುದ್ಧದಲ್ಲಿ ರಕ್ತಭೇದಿಯಿಂದ ಸತ್ತ ಸೈನಿಕನೊಬ್ಬನಿಂದ 1915ರಲ್ಲಿ ತೆಗೆದ ಜೀವಾಣು ಅದು. 2014ರಲ್ಲಿ ಅದನ್ನು ಎಬ್ಬಿಸಿ ಪರೀಕ್ಷಿಸಿದಾಗ ಪೆನಿಸಿಲಿನ್‌ಗೆ ಅದು ಜಗ್ಗಲಿಲ್ಲ. ಪೆನಿಸಿಲಿನ್ ಪತ್ತೆಯಾದದ್ದೇ 1928ರಲ್ಲಿ!

ಬಿಸಿಜಿಗೆ ಈ ಭಾಗ್ಯ ತಡವಾಗಿ ಬಂತು. ಆರಂಭದ ದ್ರವ ಲಸಿಕೆ ಕೆಲವೇ ವಾರ ಬಾಳುತ್ತಿತ್ತು. ನಮ್ಮಂಥ ಸೆಖೆಯ ನಾಡಿಗೆ ಅದು ದೊಡ್ಡ ತೊಡಕು. ಗ್ಲುಟಮೇಟ್ ಉಪ್ಪು ಬೆರೆಸಿ ಬಿಸಿಜಿಯನ್ನು ಒಣಗಿಸುವ ಕೆಲಸದಲ್ಲಿ ಜಪಾನಿನವರು ಮುಂದಿದ್ದರು. ಆದರೆ 1960ರ ಹೊತ್ತಿಗೆ ತಳಿಗಳು ಎಷ್ಟೋ ದೂರ ಬಂದಿದ್ದವು. ಅದು ಅವುಗಳ ಹೆಸರಲ್ಲೇ ಇದೆ. ಪ್ಯಾರಿಸ್ಸಿನ ತಳಿ ‘1173 ಪಿ2’, ಕೋಪನ್‌ಹೇಗನ್ನಿನದು ‘1331’. ಒಣಗಿಸಿಡುವ ಹೊತ್ತಿಗೆ ಆಗಿದ್ದ ಮರುನಾಟಿಗಳ ಎಣಿಕೆ ಅದು. 1966ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಪದ್ಧತಿ ತಂದಿತು. ಒಣಗಿಸಿಟ್ಟ ಮೂಲಬೀಜದಿಂದಲೇ ಪ್ರತಿ ಸಲ ಶುರುಮಾಡಬೇಕು, 12ಕ್ಕಿಂತ ಹೆಚ್ಚು ಮರುನಾಟಿ ಕೂಡದು.

ಈ ಕಥೆಯ ಒಂದು ತುದಿ ನಮ್ಮ ನೆರೆಯಲ್ಲೇ ಇದೆ. 1948ರಲ್ಲಿ ಮದರಾಸಿನ ಗಿಂಡಿಯಲ್ಲಿ ಬಿಸಿಜಿ ಪ್ರಯೋಗಶಾಲೆ ಆರಂಭವಾಯಿತು. ಬ್ರಿಟನ್ನಿನಲ್ಲಿ 1950ರಲ್ಲಿ ಶುರುವಾದ ಪರೀಕ್ಷೆಯಲ್ಲಿ ಡೆನ್ಮಾರ್ಕಿನ ತಳಿ ಹದಿಹರೆಯದವರಲ್ಲಿ ಕ್ಷಯವನ್ನು ಮುಕ್ಕಾಲು ಪಾಲಿಗಿಂತ ಹೆಚ್ಚು ತಡೆದಿತ್ತು. ಅದೇ ಭರವಸೆಯಿಂದ 1968ರಿಂದ 1971ರವರೆಗೆ ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ಪ್ಯಾರಿಸ್, ಕೋಪನ್‌ಹೇಗನ್ ತಳಿಗಳ ಒಣ ಲಸಿಕೆಯನ್ನು ಪರೀಕ್ಷಿಸಲಾಯಿತು. 1979ರಲ್ಲಿ ಫಲಿತಾಂಶ ಬಂತು. ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ರಕ್ಷಣೆ ಇಲ್ಲವೇ ಇಲ್ಲ. ತಳಿ ಸವೆದಿತ್ತೇ? ಇಲ್ಲಿನ ಮಣ್ಣುನೀರಿನಲ್ಲಿರುವ ಕ್ಷಯದ ದಾಯಾದಿ ಜೀವಾಣುಗಳು ಜನರ ಮೈಯನ್ನು ಮೊದಲೇ ಪಳಗಿಸಿದ್ದವೇ? ಹೆಚ್ಚಿನ ತಜ್ಞರು ಎರಡನೆಯದರ ಕಡೆಗೇ ವಾಲುತ್ತಾರೆ. ಮೂಲ ತಳಿಯೊಂದು ಆಂಪೂಲಿನಲ್ಲಿ ಉಳಿದಿದ್ದರೆ ಮೊದಲ ಅನುಮಾನವನ್ನಾದರೂ ಪಕ್ಕದಲ್ಲಿಟ್ಟು ಹೋಲಿಸಿ ನೋಡಬಹುದಿತ್ತು. ಎಳೆಮಕ್ಕಳ ಮೆದುಳುಪೊರೆಯ ಕ್ಷಯವನ್ನು ಬಿಸಿಜಿ ಚೆನ್ನಾಗಿ ತಡೆಯುತ್ತದೆ ಎಂಬುದರಲ್ಲಿ ಮಾತ್ರ ತಕರಾರಿಲ್ಲ. ಅದಕ್ಕೇ ಇಂದಿಗೂ ಅದನ್ನು ಹಾಕುವುದು.

1999ರಲ್ಲಿ ವಿಜ್ಞಾನಿಗಳು ಲೋಕದ ಬಿಸಿಜಿ ತಳಿಗಳ ಡಿಎನ್‌ಎಯನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು. ಒಂದು ತುಣುಕು ಎಲ್ಲದರಲ್ಲೂ ಇರಲಿಲ್ಲ. ಅದು ಲೀಲ್ ನಗರದ ಆಲೂಗಡ್ಡೆಯ ಮೇಲೆ ಕಳೆದುಹೋದದ್ದು. ಇನ್ನೊಂದು ತುಣುಕು 1927ಕ್ಕೆ ಮೊದಲು ಪ್ಯಾರಿಸ್ ಬಿಟ್ಟ ತಳಿಗಳಲ್ಲಿ ಇತ್ತು, 1931ರ ನಂತರ ಹೊರಟವುಗಳಲ್ಲಿ ಇರಲಿಲ್ಲ. ಪ್ಯಾರಿಸ್ಸಿನ ಸ್ವಂತ ತಳಿಯಲ್ಲೂ ಅದಿಲ್ಲ. ತವರಿನಲ್ಲಿ ಕಳೆದದ್ದು ರಷ್ಯಾ, ಜಪಾನ್, ಬ್ರೆಜಿಲ್‌ಗಳ ಪಕ್ಕದ ಮನೆಯ ಹೆಪ್ಪಿನಲ್ಲಿ ಉಳಿದುಕೊಂಡಿತ್ತು. ಗಿಂಡಿಯ ಲಸಿಕೆ ಡೆನ್ಮಾರ್ಕಿನ ತಳಿಯದು, ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನದು ರಷ್ಯಾದ ತಳಿಯದು. ಎರಡೂ ಈ ದೇಶದ ಮಕ್ಕಳ ತೋಳಿಗೆ ಹೋಗಿವೆ. ಒಂದರಲ್ಲಿ ಆ ತುಣುಕಿದೆ, ಇನ್ನೊಂದರಲ್ಲಿಲ್ಲ.